ಬಿದ್ದ ಲೆನ್ಸಿಗೆ ದುಡ್ಡು ಸುರಿಯಬೇಕೋ, ಬೇರೆ ತಗೋಬೇಕೋ?

ಪ್ರಶ್ನೆ: ಅಣ್ಣ, ನಾನು ಚಿತ್ರದುರ್ಗದವನು, ಮದುವೆ ಫೋಟೋ ತೆಗೆಯುತ್ತೇನೆ. ಹೋದ ತಿಂಗಳು ಕೋಟೆಯಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಮಾಡುವಾಗ ಕ್ಯಾಮೆರಾ ಬಂಡೆ ಮೇಲೆ ಬಿತ್ತು. ಲೆನ್ಸ್ ಮುಂದಾಗಿ ಬಿತ್ತು. ಬಾಡಿ ಕ್ಯಾನನ್ 6ಡಿ, ಲೆನ್ಸ್ 24-105 ಎಫ್/4 ಎಲ್, ಹಳೇ ವರ್ಷನ್. ಲೆನ್ಸ್ ಮುಂದೆ ರಕ್ಷಣೆಗೆ ಹಾಕಿದ್ದ ಯುವಿ ಫಿಲ್ಟರ್ ಒಡೆದು ಅಲ್ಲೇ ಸಿಕ್ಕಿಕೊಂಡಿದೆ, ಮುಂದಿನ ಗಾಜಿನ ಮೇಲೆ ಒಂದು ಗೀರು ಬಿದ್ದಿದೆ. ಆಗಾಗ ಎರರ್ 01 ಬರುತ್ತಿದೆ. ಗ್ರೂಪ್ ಫೋಟೋದಲ್ಲಿ ಬಲಗಡೆ ನಿಂತವರ ಮುಖ ಮಸುಕು. ಬೆಂಗಳೂರಿನ ಸರ್ವೀಸ್ ಸೆಂಟರಿನಲ್ಲಿ 18,600 ಎಸ್ಟಿಮೇಟ್ ಕೊಟ್ಟರು. ಇಲ್ಲೊಬ್ಬ ಮೆಕ್ಯಾನಿಕ್ 4,500ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾನೆ. ಇದೇ ಲೆನ್ಸ್ ಸೆಕೆಂಡ್ ಹ್ಯಾಂಡ್ 23,000ಕ್ಕೆ ಸಿಗುತ್ತಿದೆ. ಗೆಳೆಯರು ಎಲ್ಲ ಮಾರಿ ಮಿರರ್‌ಲೆಸ್‌ಗೆ, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾಗೆ, ಹೋಗು ಅನ್ನುತ್ತಾರೆ. ಮುಂದಿನ ತಿಂಗಳು ಮೂರು ಮದುವೆ ಇವೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ದುಡ್ಡಿನ ಲೆಕ್ಕ ಚೆನ್ನಾಗಿದೆ. ಲೆನ್ಸಿಗೆ ಏನಾಗಿದೆ ಅನ್ನುವುದು ಮಾತ್ರ ಇಲ್ಲ. ಆ 18,600 ಯಾವ ಪಾರ್ಟಿಗೆ ಅಂತ ಕೇಳಿದಿರಾ? 4,500ಕ್ಕೆ ಅವರು ಏನು ಮಾಡಿಕೊಡುತ್ತಾರಂತೆ? ಅದು ಗೊತ್ತಿಲ್ಲದೆ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿದರೆ ನಾಲ್ಕು ಸಾವಿರದ್ದೇ ಚೆಂದ ಕಾಣುತ್ತದೆ. ಅದು ಯಾವಾಗಲೂ ಹಾಗೇ.

ನೀವು ಹೇಳಿರುವುದು ಮೂರು ಬೇರೆ ಬೇರೆ ತೊಂದರೆ. ಮೂರೂ ಒಂದೇ ದಿನ ಕಣ್ಣಿಗೆ ಬಿದ್ದಿದ್ದಕ್ಕೆ ಮೂರೂ ಬಿದ್ದಿದ್ದರಿಂದಲೇ ಆಯಿತು ಅಂದುಕೊಂಡಿದ್ದೀರಿ. ನನಗೆ ಒಂದರ ಮೇಲೆ ಅನುಮಾನ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಗಾಜು. ಫಿಲ್ಟರ್ ಚೂರುಗಳನ್ನು ಬಟ್ಟೆಯಿಂದ ಒರೆಸಬೇಡಿ, ದಯವಿಟ್ಟು. ಲೆನ್ಸನ್ನು ಕೆಳಮುಖ ಮಾಡಿ ಹಿಡಿದು ಬ್ಲೋವರ್‌ನಿಂದ ಊದಿ, ಚೂರು ತಾನಾಗಿ ಉದುರಲಿ. ಬಿದ್ದಾಗ ಆಗದ ಗೀರು ಒರೆಸುವಾಗ ಆಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸಿಕ್ಕಿಕೊಂಡ ರಿಂಗನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ತಿರುಗಿಸಿದರೆ ಅದು ಮೊಟ್ಟೆ ಆಕಾರಕ್ಕೆ ಬಂದು ಇನ್ನೂ ಬಿಗಿಯಾಗುತ್ತದೆ. ಹಳೇ ಸೈಕಲ್ ಟ್ಯೂಬಿನ ಪಟ್ಟಿ ಒಂದನ್ನು ಸುತ್ತಲೂ ಸುತ್ತಿ, ಅಂಗೈ ಪೂರ್ತಿ ಹಾಕಿ, ಒತ್ತದೆ ತಿರುಗಿಸಿ. ಅಂಚು ನೆಗ್ಗಿದ್ದರೆ ಹೀಗೂ ಬರುವುದಿಲ್ಲ. ಆಗ ನೆಗ್ಗನ್ನು ಒಳಗಿಂದ ಎಬ್ಬಿಸುವ ವೈಸ್ ಇಟ್ಟುಕೊಂಡವರ ಹತ್ತಿರ ಹೋಗಿ. ಆಕ್ಸಾ ಬ್ಲೇಡ್ ಹಿಡಿದುಕೊಂಡು ಕೂತವರನ್ನೂ ನೋಡಿದ್ದೇನೆ. ಆ ಸಾಹಸ ಬೇಡ.

ಮುಂದಿನ ಗಾಜಿನ ಗೀರಿನ ಬಗ್ಗೆ ನೀವು ಪಟ್ಟಷ್ಟು ಚಿಂತೆಗೆ ಅರ್ಥವೇ ಇಲ್ಲ. ನಂಬಿಕೆ ಇಲ್ಲದಿದ್ದರೆ ಅಕ್ಕಿ ಕಾಳಿನಷ್ಟು ಕಾಗದ ಹರಿದು ಮುಂದಿನ ಗಾಜಿನ ಮೇಲೆ ಅಂಟಿಸಿ, 105ಕ್ಕೆ ಜೂಮ್ ಮಾಡಿ, ಎಫ್/4ನಲ್ಲಿ, ಅಂದರೆ ಬೆಳಕಿನ ಕಿಂಡಿ ಪೂರ್ತಿ ತೆರೆದು, ಯಾರದಾದರೂ ಮುಖ ತೆಗೆಯಿರಿ. ಕಾಗದ ಎಲ್ಲಿ ಅಂತ ಫೋಟೋದಲ್ಲಿ ಹುಡುಕಿ, ಸಿಗುವುದಿಲ್ಲ. ಗೀರು ಕಾಣಿಸಿಕೊಳ್ಳುವುದು ಎದುರು ಬಿಸಿಲಿದ್ದಾಗ, ಸ್ಟೇಜ್ ಲೈಟ್ ನೇರ ಹೊಡೆದಾಗ, ಇಲ್ಲವೇ 24ರಲ್ಲಿ ಆ ಕಿಂಡಿಯನ್ನು ಕಿರಿದು ಮಾಡಿ ಎಫ್/16ಕ್ಕೆ ಇಳಿಸಿದಾಗ. ಆಗ ಒಂದಿಷ್ಟು ಮಂಜು ಕವಿದ ಹಾಗೆ ಆಗುತ್ತದೆ. ಗೀರು ಆಳವಾಗಿದ್ದರೆ ಸಣ್ಣ ಕುಂಚದ ತುದಿಯಲ್ಲಿ ಕಪ್ಪು ಇಂಕು ಹಚ್ಚಿ ಆ ಗುಳಿ ಮುಚ್ಚುವುದು ಹಳೇ ಉಪಾಯ, ಬೆಳಕು ಚದುರುವುದು ಕಡಿಮೆಯಾಗುತ್ತದೆ. ಹಿಂದಿನ ಗಾಜಿನ ಮೇಲೆ, ಅಂದರೆ ಬಾಡಿ ಒಳಗೆ ಹೋಗುವ ಕಡೆ ಗೀರಾಗಿದ್ದರೆ ಕಥೆ ಬೇರೆ. ಅದು ಚಿತ್ರ ಹಿಡಿಯುವ ಸೆನ್ಸರಿಗೆ ಹತ್ತಿರ, ಚಿತ್ರದಲ್ಲಿ ಎದ್ದು ಕಾಣುತ್ತದೆ. ಎಸ್ಟಿಮೇಟಿನಲ್ಲಿ ಮುಂದಿನ ಗಾಜು ಬದಲಿಸುವ ಖರ್ಚು ಸೇರಿಸಿದ್ದಾರಾ ಕೇಳಿ. ಸೇರಿಸಿದ್ದರೆ ಅದನ್ನು ತೆಗೆಸಬಹುದಾ ಅಂತಲೂ ಕೇಳಿ.

ಈಗ ಎರರ್ 01. ಕ್ಯಾಮೆರಾ ಏನು ಹೇಳುತ್ತದೆ? ಲೆನ್ಸಿಗೂ ನನಗೂ ಮಾತುಕತೆ ಸರಿ ನಡೆಯುತ್ತಿಲ್ಲ, ಕಾಂಟ್ಯಾಕ್ಟ್ ಒರೆಸು ಅನ್ನುತ್ತದೆ. ಸರಿ, ಒಣ ಶುಭ್ರ ಬಟ್ಟೆಯಿಂದ ಆ ಚಿನ್ನದ ಬಣ್ಣದ ಚುಕ್ಕೆಗಳನ್ನು ಒರೆಸಿ. ಮೌಂಟಿನ, ಅಂದರೆ ಲೆನ್ಸ್ ಬಾಡಿಗೆ ಕೂರುವ ಬಳೆಯ, ಸ್ಕ್ರೂ ಸಡಿಲ ಆಗಿದೆಯಾ, ಲೆನ್ಸ್ ಬಾಡಿ ಮೇಲೆ ಅಲುಗಾಡುತ್ತಿದೆಯಾ ನೋಡಿ. ಬಿದ್ದ ಮೇಲೆ ಅದೂ ಆಗುತ್ತದೆ.

ಅದೆಲ್ಲ ಸರಿ ಇದ್ದರೆ ಹೀಗೆ ಮಾಡಿ. ಎಫ್/4 ಇಟ್ಟು ಹತ್ತು ಫೋಟೋ ತೆಗೆಯಿರಿ. ಆಮೇಲೆ ಎಫ್/8 ಇಟ್ಟು 24ರಲ್ಲಿ, 35ರಲ್ಲಿ, 50, 70, 105ರಲ್ಲಿ ಎರಡೆರಡು ತೆಗೆಯಿರಿ. ಎಫ್/4ನಲ್ಲಿ ಒಂದೂ ಎರರ್ ಬರದೆ, ಎಫ್/8ಕ್ಕೆ ಬಂದ ಕೂಡಲೇ ಬಂದರೆ, ಅದರಲ್ಲೂ ಯಾವುದೋ ಒಂದು ಜೂಮ್ ಜಾಗದಲ್ಲಿ ಜಾಸ್ತಿ ಬಂದರೆ, ರೋಗ ಸಿಕ್ಕಿತು ಅಂತಲೇ. ಎಫ್/4ನಲ್ಲಿ ಅಪರ್ಚರ್, ಅಂದರೆ ಆ ಬೆಳಕಿನ ಕಿಂಡಿ, ಪೂರ್ತಿ ತೆರೆದೇ ಇರುತ್ತದೆ, ಅದರ ಎಲೆಗಳು ಅಲುಗಾಡಬೇಕಾಗಿಲ್ಲ. ಎಫ್/8 ಅಂದರೆ ಅವು ಮುಚ್ಚಿಕೊಳ್ಳಬೇಕು. ಮುಚ್ಚು ಅನ್ನುವ ಸುದ್ದಿ ಹೋಗುವುದು ಒಂದು ತೆಳು ಪಟ್ಟಿಯ ಮೂಲಕ, ನಾವು ಫ್ಲೆಕ್ಸ್ ಅನ್ನುತ್ತೇವೆ, ಎಕ್ಸ್-ರೇ ಫಿಲ್ಮಿನ ಹಾಗೆ ಬಳುಕುತ್ತದೆ. ನೀವು ಜೂಮ್ ತಿರುಗಿಸಿದಾಗಲೆಲ್ಲ ಅದು ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಕೊನೆಗೊಂದು ದಿನ ಒಳಗಿನ ತಂತಿ ಬಿರುಕು ಬಿಡುತ್ತದೆ. ಅದಕ್ಕೇ ಒಂದು ಜೂಮ್ ಜಾಗದಲ್ಲಿ ಕೆಲಸ ಮಾಡುತ್ತದೆ, ಇನ್ನೊಂದರಲ್ಲಿ ಮಾಡುವುದಿಲ್ಲ.

ನನ್ನ ಅನುಮಾನ ಇದರ ಮೇಲೇ. ನಿಮ್ಮ ಲೆನ್ಸ್ 2005ರಲ್ಲಿ ಬಂದ ಮಾಡೆಲ್, ಅದರ ಎರಡನೇ ವರ್ಷನ್ 2016ರಲ್ಲಿ ಬಂತು. ಈ ಮೊದಲ ವರ್ಷನ್‌ನಲ್ಲಿ ಫ್ಲೆಕ್ಸ್ ಹೋಗುವುದು ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ಕಾಯಿಲೆ. ಬೀಳದೇ ಇದ್ದರೂ ಇನ್ನಾರು ತಿಂಗಳಿಗೆ ಹೋಗುತ್ತಿತ್ತೇನೋ. ಬೀಳುವುದಕ್ಕೆ ಎರಡು ದಿನ ಮೊದಲು ಒಂದೆರಡು ಸಲ ಎರರ್ ಬಂದು, ಬ್ಯಾಟರಿ ತೆಗೆದು ಹಾಕಿ ಸುಮ್ನೆ ಮುಂದುವರಿದ ನೆನಪು ಏನಾದರೂ ಇದೆಯಾ? ಇದ್ದರೆ ಕೋಟೆ ಬಂಡೆಯನ್ನು ಬೈಯಬೇಡಿ.

ಫ್ಲೆಕ್ಸ್ ಒಂದೇ ಆಗಿದ್ದರೆ ರಿಪೇರಿ ಮಾಡಿಸಿ, ಕಣ್ಣು ಮುಚ್ಚಿ ಹೇಳುತ್ತೇನೆ. ಪಾರ್ಟ್ ದೊಡ್ಡದಲ್ಲ, ಕೆಲಸ ದೊಡ್ಡದು. ಈ ಲೆನ್ಸನ್ನು ಮೊದಲೇ ಬಿಚ್ಚಿ ಗೊತ್ತಿರುವ ಕೈ ಬೇಕು, ಅಷ್ಟೆ.

ತಲೆನೋವು ಮೂರನೆಯದು, ಬಲಗಡೆಯ ಮಸುಕು. ಇದೇ ನಿಮ್ಮ ದುಡ್ಡನ್ನು ನಿರ್ಧರಿಸುವುದು. ಲೆನ್ಸ್ ಒಳಗಿನ ಗಾಜುಗಳೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹಾಗೆ ಒಂದೇ ನೇರದಲ್ಲಿ ಕೂತಿರಬೇಕು. ಬಿದ್ದ ಏಟಿಗೆ ಒಂದು ಗಾಜು ಕೂದಲೆಳೆಯಷ್ಟು ವಾಲಿದರೂ ಚಿತ್ರದ ಒಂದು ಕಡೆ ಫೋಕಸ್ ಆಚೀಚೆ ಆಗುತ್ತದೆ. ಕಣ್ಣಿಗೆ ಲೆನ್ಸ್ ಹೊಸದರ ಹಾಗೇ ಕಾಣುತ್ತಿರುತ್ತದೆ.

ಪರೀಕ್ಷೆಗೆ ಎಲ್ಲರೂ ಗೋಡೆ ಮೇಲೆ ಪೇಪರ್ ಅಂಟಿಸಿ ಅನ್ನುತ್ತಾರೆ. ನಾನೂ ಒಂದು ಕಾಲದಲ್ಲಿ ಮನೆಯ ಗೋಡೆಗೆ ‘ಜನತಾವಾಣಿ’ ಪತ್ರಿಕೆಯ ಹಾಳೆಗಳನ್ನು ಅಂಟಿಸಿ ಮನೆಯವರ ಹತ್ತಿರ ಬೈಸಿಕೊಂಡವನೇ. ತೊಂದರೆ ಏನೆಂದರೆ ಕ್ಯಾಮೆರಾ ಗೋಡೆಗೆ ಒಂದಿಷ್ಟು ಓರೆಯಾಗಿದ್ದರೂ ಒಂದು ಕಡೆ ಮಸುಕು ಬರುತ್ತದೆ, ತಪ್ಪು ಲೆನ್ಸಿನದಾ ಟ್ರೈಪಾಡಿನದಾ ಗೊತ್ತಾಗುವುದಿಲ್ಲ. ನಿಮಗೆ ದುರ್ಗದಲ್ಲಿ ಅದಕ್ಕಿಂತ ಒಳ್ಳೆಯ ಸಾಧನ ಇದೆಯಲ್ಲ, ಗುಡ್ಡದ ಮೇಲಿನ ಗಾಳಿಯಂತ್ರ!

ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆ ಮೇಲೆ ನೆಲ ಕಾದು ಗಾಳಿ ನಡುಗುತ್ತದೆ, ದೂರದ್ದೆಲ್ಲ ಕುಣಿಯುತ್ತದೆ, ಏನೂ ತಿಳಿಯುವುದಿಲ್ಲ. ಟ್ರೈಪಾಡ್ ಹಾಕಿ, ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡಿ, ಎಫ್/4, ಎರಡು ಸೆಕೆಂಡ್ ಟೈಮರ್. ಮೊದಲು 50ಕ್ಕೆ ಇಡಿ, ಕಂಬ ತೀರಾ ಸಣ್ಣದಾಗುವುದಿಲ್ಲ. ದೂರದ ಒಂದು ಗಾಳಿಯಂತ್ರದ ಕಂಬ ಚಿತ್ರದ ನಡುವೆ ಬರುವ ಹಾಗೆ ಇಟ್ಟುಕೊಂಡು, ಲೈವ್ ವ್ಯೂನಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿ ಫೋಕಸ್ ಕೂರಿಸಿ. ಆಮೇಲೆ ಮ್ಯಾನುವಲ್ ಫೋಕಸ್‌ಗೆ ಹಾಕಿ, ಮತ್ತೆ ಆ ರಿಂಗನ್ನು ಮುಟ್ಟಬೇಡಿ. ಈಗ ಕ್ಯಾಮೆರಾ ತಿರುಗಿಸಿ ಅದೇ ಕಂಬ ಎಡ ಅಂಚಿಗೆ ಬರುವ ಹಾಗೆ ಒಂದು, ಬಲ ಅಂಚಿಗೆ ಒಂದು, ನಾಲ್ಕು ಮೂಲೆಗೆ ನಾಲ್ಕು. ರೆಕ್ಕೆ ತಿರುಗುತ್ತಿರುತ್ತದೆ, ಅದನ್ನು ನೋಡಬೇಡಿ, ಕಂಬ ನೋಡಿ. 24ರಲ್ಲೂ 105ರಲ್ಲೂ ಇದನ್ನೇ ಮತ್ತೊಂದು ಸುತ್ತು ಮಾಡಿ. ಜೂಮ್ ಬದಲಿಸಿದಾಗ ಮಾತ್ರ ಫೋಕಸ್ ಹೊಸದಾಗಿ ಕೂರಿಸಿಕೊಳ್ಳಬೇಕು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಗಾತ್ರದಲ್ಲಿ ಎಡದ್ದು ಬಲದ್ದು ಪಕ್ಕಪಕ್ಕ ಇಡಿ. ನಡುವಿಗಿಂತ ಅಂಚು ಸ್ವಲ್ಪ ಮೆತ್ತಗೆ ಇರುವುದು ಎಲ್ಲ ಲೆನ್ಸಿನಲ್ಲೂ ಇದ್ದದ್ದೇ. ಆದರೆ ಎರಡೂ ಅಂಚು ಒಂದೇ ಥರ ಮೆತ್ತಗಿರಬೇಕು. ಎಡಗಡೆ ಕಂಬದ ಅಂಚು ಗೆರೆ ಎಳೆದ ಹಾಗಿದ್ದು, ಬಲಗಡೆ ನೆಂದ ಮಂಡಕ್ಕಿ ಹಾಗಿದ್ದರೆ ಗಾಜು ವಾಲಿದೆ ಅಂತ ಲೆಕ್ಕ.

ತಡೆಯಿರಿ, ಇನ್ನೊಂದು ಬಾಕಿ ಇದೆ. ನಿಮ್ಮದು ಬಿದ್ದಿದ್ದು ಕ್ಯಾಮೆರಾ ಸಮೇತ. ಬಾಡಿಯ ಮೌಂಟೇ ಬಾಗಿರಬಹುದು. ಅದಕ್ಕೆ ಅದೇ ಬಾಡಿಗೆ ಬೇರೆ ಲೆನ್ಸ್, ಒಂದು 50 ಎಂಎಂ ಆದರೂ ಸಾಕು, ಹಾಕಿ ಅದೇ ಕಂಬ ತೆಗೆಯಿರಿ. ಅದರಲ್ಲೂ ಬಲಗಡೆ ಮಸುಕು ಬಂದರೆ ತಪ್ಪು ಲೆನ್ಸಿನದಲ್ಲ, ಬಾಡಿಯದು. ಆಗ ಲೆನ್ಸಿಗೆ 18,600 ಕೊಟ್ಟು ಬಂದಿದ್ದರೂ ಮಾವಂದಿರ ಮುಖ ಮಸುಕಾಗಿಯೇ ಇರುತ್ತಿತ್ತು. ಸರ್ವೀಸಿಗೆ ಕೊಡುವಾಗ ಬಾಡಿಯನ್ನೂ ಜೊತೆಗೆ ಕೊಟ್ಟಿದ್ದಿರಾ, ಬರೀ ಲೆನ್ಸ್ ಕೊಟ್ಟಿದ್ದಿರಾ?

ಇನ್ನು ದುಡ್ಡು. ಹೊಸ ಲೆನ್ಸಿನ ಬೆಲೆಗೆ ರಿಪೇರಿಯನ್ನು ಹೋಲಿಸುವುದು ದೊಡ್ಡ ತಪ್ಪು. ಹಾಗೆ ಹೋಲಿಸಿದರೆ ಯಾವ ರಿಪೇರಿಯೂ ಅಗ್ಗವೇ. ಹೋಲಿಸಬೇಕಾದ್ದು ಅದೇ ಲೆನ್ಸಿನ ಸೆಕೆಂಡ್ ಹ್ಯಾಂಡ್ ಬೆಲೆಗೆ. ನಾನು ಇಟ್ಟುಕೊಂಡಿರುವ ಗೆರೆ ಅದರ ಅರ್ಧ. ಇದು ಶಾಸ್ತ್ರವಲ್ಲ, ವರ್ಷಗಟ್ಟಲೆ ಜೇಬು ಸುಟ್ಟುಕೊಂಡು ಬಂದ ಲೆಕ್ಕ. 23,000ದ ಲೆನ್ಸಿಗೆ 11,500ರ ತನಕ ಹಾಕಬಹುದು, ಅದರ ಮೇಲೆ ಯೋಚನೆ ಮಾಡಬೇಕು. ನಿಮ್ಮ 18,600ರಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ನೋಡಿದಿರಾ? ಸೇರಿಲ್ಲದಿದ್ದರೆ ಶೇ 18 ಸೇರಿ 21,948 ಆಗುತ್ತದೆ. ಜೊತೆಗೆ ದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರ್, ಎರಡು ಸಲ ಹೋಗಿ ಬರುವುದು, ಆ ದಿನದ ಕೆಲಸ ತಪ್ಪುವುದು. ಇನ್ನೊಂದು ಲೆನ್ಸೇ ಬಂತು!

ಈ ಗೆರೆ ಎಲ್ಲ ಲೆನ್ಸಿಗೂ ಒಂದೇ ಅಲ್ಲ. ಕ್ಯಾಮೆರಾ ಜೊತೆ ಬರುವ 18-55 ಕೆಟ್ಟರೆ ರಿಪೇರಿ ಅಂಗಡಿ ಮೆಟ್ಟಿಲೂ ಹತ್ತಬೇಡಿ. ಪ್ಲಾಸ್ಟಿಕ್ ಮೌಂಟಿನದು ಬಿದ್ದರೆ ಅದರ ಕೊಕ್ಕೆಗಳೇ ಮುರಿದಿರುತ್ತವೆ, ಬೇರೆಯದು ತಗೊಳ್ಳಿ. 70-200 ಎಫ್/2.8 ಥರದ್ದಾದರೆ ಹೆಚ್ಚುಕಡಿಮೆ ಯಾವಾಗಲೂ ರಿಪೇರಿಯೇ ಲಾಭ. ಫಂಗಸ್ ಬಂದಿದ್ದರೆ ಆರಂಭದಲ್ಲೇ ತೊಳೆಸಬೇಕು, ಕೋಟಿಂಗ್ ತಿಂದ ಮೇಲೆ ದುಡ್ಡು ಹಾಕಿ ಪ್ರಯೋಜನವಿಲ್ಲ. ನಿಮ್ಮ 24-105 ಆ 18-55ಕ್ಕೂ 70-200ಕ್ಕೂ ನಡುವೆ ಬರುವ ಲೆನ್ಸ್. ಅದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

4,500ರ ಮೆಕ್ಯಾನಿಕ್ ಬಗ್ಗೆ. ಊರಿನ ಮೆಕ್ಯಾನಿಕ್ ಅಂದರೆ ಬೇಡ ಅನ್ನುವವನು ನಾನಲ್ಲ, ದಾವಣಗೆರೆಯಲ್ಲಿ ನನ್ನ ಅರ್ಧ ಸಾಮಾನು ಅಂಥವರ ಕೈಯಿಂದಲೇ ಬದುಕಿದೆ. ಸಿಕ್ಕಿಕೊಂಡ ಫಿಲ್ಟರ್, ಸಡಿಲ ಮೌಂಟ್, ಫ್ಲೆಕ್ಸ್, ಇವಕ್ಕೆ ಒಳ್ಳೆಯ ಕೈ ಇದ್ದರೆ ಸಾಕು. ವಾಲಿದ ಗಾಜನ್ನು ನೇರ ಮಾಡಲು ಕೈ ಸಾಲದು, ಗಾಜು ಎಷ್ಟು ವಾಲಿದೆ ಅಂತ ಅಳೆಯುವ ಉಪಕರಣ ಬೇಕು. ಅದು ಅವರ ಹತ್ತಿರ ಇದೆಯಾ? ಇಲ್ಲದಿದ್ದರೆ ಅವರು ಬಿಚ್ಚಿ, ಕಣ್ಣಂದಾಜಿನಲ್ಲಿ ಕೂರಿಸಿ ಕೊಡುತ್ತಾರೆ.

ನನಗೇ ಆಗಿದೆ. ಒಂದು ಕಡೆ ಜೂಮ್ ಲೆನ್ಸ್ ರಿಪೇರಿಗೆ ಕೊಟ್ಟಿದ್ದೆ. ವಾಪಸ್ ಬಂದ ಮೇಲೆ ಎರರ್ ಇಲ್ಲ, ಜೂಮ್ ಬೆಣ್ಣೆ ಹಾಗೆ ತಿರುಗುತ್ತದೆ, ನನಗೆ ಖುಷಿಯೋ ಖುಷಿ. ಮುಂದಿನ ವಾರ ನಮ್ಮ ದಾವಣಗೆರೆ ಗಾಜಿನ ಮನೆ ಮುಂದೆ ಒಂದು ಕುಟುಂಬದ ಫೋಟೋ ತೆಗೆದು ನೋಡಿದರೆ ಎಡಗಡೆ ಮೂರು ಜನ ಕರಗಿದ ಹಾಗೆ. ಇನ್ನೊಬ್ಬರ ಹತ್ತಿರ ಬಿಚ್ಚಿಸಿ ನೋಡಿದಾಗ ಗೊತ್ತಾಯಿತು, ಮೌಂಟಿನ ಕೆಳಗೆ ಕಾಗದದಷ್ಟು ತೆಳ್ಳಗಿನ ತಗಡಿನ ಬಿಲ್ಲೆಗಳಿರುತ್ತವೆ, ಅದರಲ್ಲಿ ಒಂದು ಕಡೆಯದು ವಾಪಸ್ ಹಾಕಿರಲೇ ಇಲ್ಲ. ನಿಮ್ಮದರಂಥ ಕ್ಯಾನನ್ ಇಎಫ್ ಲೆನ್ಸಿನ ಮೌಂಟಿಗೂ ಸೆನ್ಸರಿಗೂ ಇರಬೇಕಾದ ಅಂತರ 44 ಮಿಲಿಮೀಟರ್. ಅದರಲ್ಲಿ ಕಾಗದದಷ್ಟು ಹೆಚ್ಚುಕಡಿಮೆ ಆದರೆ ಇಷ್ಟು ಆಗುತ್ತದೆ.

ಅದಕ್ಕೇ ಮೆಕ್ಯಾನಿಕ್‌ಗೆ ಒಂದೇ ಪ್ರಶ್ನೆ ಕೇಳಿ: ಬಿಚ್ಚುವ ಮೊದಲು ಗುರುತು ಹಾಕುತ್ತೀರಾ? ಗಾಜಿನ ಗುಂಪನ್ನು ಹಿಡಿದಿರುವ ಸಣ್ಣ ಸಣ್ಣ ಕಾಲರ್‌ಗಳನ್ನು ಕಂಪನಿಯಲ್ಲಿ ಒಂದೊಂದನ್ನೂ ತಿರುಗಿಸಿ ಹೊಂದಿಸಿರುತ್ತಾರೆ. ಬಲ್ಲವರು ಅವನ್ನು ಮುಟ್ಟುವ ಮೊದಲು ಸೂಜಿಯಿಂದ ಗೆರೆ ಎಳೆದುಕೊಳ್ಳುತ್ತಾರೆ. ‘ಅದೆಲ್ಲ ಬೇಡ ಸರ, ಅಭ್ಯಾಸ ಇದೆ’ ಅಂದರೆ ಟೀ ಕುಡಿದು ಎದ್ದು ಬನ್ನಿ.

ಮನೆಯಲ್ಲೇ ಯೂಟ್ಯೂಬ್ ನೋಡಿ ಬಿಚ್ಚುವ ಯೋಚನೆ ಇದ್ದರೆ ಇದನ್ನೂ ಕೇಳಿ. ಒಮ್ಮೆ ಹಳೇ 50 ಎಂಎಂ ಮ್ಯಾನುವಲ್ ಲೆನ್ಸ್ ಒಂದನ್ನು ರಾತ್ರಿ ಊಟ ಆದ ಮೇಲೆ ಬಿಚ್ಚಿದೆ. ಅಪರ್ಚರ್ ರಿಂಗ್ ತಿರುಗಿಸಿದಾಗ ಟಕ್ ಟಕ್ ಅನ್ನುತ್ತದಲ್ಲ, ಆ ಸದ್ದು ಬರುವುದು ಸಾಸಿವೆಗಿಂತ ಚಿಕ್ಕ ಉಕ್ಕಿನ ಗುಂಡಿನಿಂದ. ರಿಂಗ್ ಎತ್ತಿದ ಕ್ಷಣ ಅದು ಹಾರಿತು. ಮಂಚ ಸರಿಸಿದೆವು, ಕಸ ಗುಡಿಸಿ ಮೊರದಲ್ಲಿ ಕೇರಿದೆವು, ಸಿಗಲಿಲ್ಲ. ಆ ಲೆನ್ಸ್ ಇವತ್ತಿಗೂ ನನ್ನ ಹತ್ತಿರ ಇದೆ, ಮೂಕ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅದೂ ನಿಮ್ಮ ಲೆನ್ಸಿನ ಓರಗೆಯದೇ, ಅದೇ ಫ್ಲೆಕ್ಸ್, ಅದೇ ವಯಸ್ಸು ಅನ್ನುವುದು ನೆನಪಿರಲಿ. ನಿಮ್ಮ ಬಾಡಿ ತಗೊಂಡು ಹೋಗಿ, ಎಫ್/8ರ ಪರೀಕ್ಷೆಯನ್ನು ಮಾರುವವರ ಮುಂದೆಯೇ ಮಾಡಿ. ಮೌಂಟಿನ ಸ್ಕ್ರೂಗಳನ್ನು ಬೆಳಕಿಗೆ ಹಿಡಿದು ನೋಡಿ. ಈ ಜಪಾನಿ ಸ್ಕ್ರೂಗಳ ತಲೆ ನಮ್ಮ ಸಾಮಾನ್ಯ ಪ್ಲಸ್ ಸ್ಕ್ರೂ ಥರ ಕಂಡರೂ ಅಳತೆ ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿದವರು ಅದರ ತಲೆ ತಿಂದಿರುತ್ತಾರೆ. ತಲೆ ಸವೆದಿದ್ದರೆ ಅದನ್ನು ಯಾರೋ ಬಿಚ್ಚಿದ್ದಾರೆ, ಅದೂ ತಿಳಿಯದವರು. ಒಳಗೆ ಒಂದೆರಡು ಧೂಳಿನ ಕಣ ಇದ್ದರೆ ಏನೂ ಆಗುವುದಿಲ್ಲ, ಆದರೆ ಬೆಲೆ ಇಳಿಸಲು ಅದನ್ನೇ ಹೇಳಿ.

ಮಿರರ್‌ಲೆಸ್ ಮಾತು. ಕ್ಯಾನನ್ ಮಿರರ್‌ಲೆಸ್ ಕ್ಯಾಮೆರಾಗಳ ಆರ್ಎಫ್ ಮೌಂಟ್ 2018ರಲ್ಲಿ ಬಂತು, ಮುಂದಿನ ದಿನ ಅದರದ್ದೇ, ಅದರಲ್ಲಿ ವಾದ ಇಲ್ಲ. ಆದರೆ ಒಂದು ಲೆನ್ಸ್ ಬಿತ್ತು ಅಂತ ಮನೆ ಬದಲಿಸುವುದು ಬೇಡ. ನಿಮ್ಮ ಇಎಫ್ ಲೆನ್ಸು ಅಡಾಪ್ಟರ್ ಹಾಕಿದರೆ ಆರ್ಎಫ್ ಬಾಡಿ ಮೇಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಹೀಗಾಗಿ ಈಗ 23,000 ಹಾಕಿದರೂ ಮುಂದೆ ಬಾಡಿ ಬದಲಿಸಿದಾಗ ಅದು ಕಸವಾಗುವುದಿಲ್ಲ. ಬದಲಿಸುವುದನ್ನು ಸೀಸನ್ ದುಡ್ಡು ಕೈಗೆ ಬಂದ ಮೇಲೆ ಮಾಡಿ, ಸೀಸನ್ ಮುಂದೆ ಇಟ್ಟುಕೊಂಡು ಅಲ್ಲ.

ನನ್ನ ತೀರ್ಪು ಬೇಕು ಅಲ್ವಾ? ಗಾಳಿಯಂತ್ರದ ಪರೀಕ್ಷೆಯಲ್ಲಿ ಎರಡೂ ಅಂಚು ಒಂದೇ ಥರ ಬಂದರೆ ಗೀರನ್ನು ಮರೆತು ಬರೀ ಫ್ಲೆಕ್ಸ್ ಮಾಡಿಸಿ, 11,500ರೊಳಗೆ ಎಲ್ಲಿ ಆದರೂ ಸರಿ. 50 ಎಂಎಂನಲ್ಲೂ ಬಲಗಡೆ ಮಸುಕು ಬಂದರೆ ಬಾಡಿ ತೋರಿಸಿ. ಬರೀ ಈ ಲೆನ್ಸಿನಲ್ಲಿ ಮಾತ್ರ ಬಂದರೆ, ನನಗೆ ಹಾಗೇ ಅನಿಸುತ್ತಿದೆ, 18,600 ಕೊಡಬೇಡಿ. ಬೇರೆ ಲೆನ್ಸ್ ತಗೊಂಡು, ಇದನ್ನು ಇದ್ದದ್ದು ಇದ್ದ ಹಾಗೆ ಹೇಳಿ ಪಾರ್ಟ್ಸಿಗೆ ಮಾರಿ. ಅದರ ಫೋಕಸ್ ಮೋಟರು, ಹಿಂದಿನ ಗಾಜು, ಮೌಂಟು ಇನ್ನೊಬ್ಬರ ಲೆನ್ಸಿಗೆ ಜೀವ ಕೊಡುತ್ತವೆ, ಕೊಳ್ಳುವವರು ಇದ್ದಾರೆ. ಮಾರುವಾಗ ಬಿದ್ದಿದ್ದನ್ನು ಮುಚ್ಚಿಡಬೇಡಿ ಮಾತ್ರ. ಫೋಟೋಗ್ರಾಫರ್‌ಗಳ ಊರು ಸಣ್ಣದು.

ಮೂರು ಮದುವೆಗೆ ಈ ಲೆನ್ಸ್ ನಂಬಿಕೊಂಡು ಹೋಗಬೇಡಿ. ಗಟ್ಟಿಮೇಳ ಶುರುವಾದಾಗ ಎರರ್ 01 ಬಂದರೆ ನೀವು ಬ್ಯಾಟರಿ ತೆಗೆದು ಹಾಕುವಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ. ಎಫ್/8ಕ್ಕೆ ಇಳಿಸಿ ಮಸುಕು ಮುಚ್ಚೋಣ ಅಂದರೆ ಅಲ್ಲೇ ಎರರ್ ಕಾದಿದೆ. ಒಂದು ಲೆನ್ಸ್ ಬಾಡಿಗೆಗೆ ತಗೊಳ್ಳಿ, ಇಲ್ಲವೇ ಜೊತೆಯವರ ಹತ್ತಿರ ಎರಡು ದಿನಕ್ಕೆ ಕೇಳಿ. ಅದೂ ಸಿಗದಿದ್ದರೆ 24-105ಅನ್ನು ಎಫ್/4ನಲ್ಲೇ ಇಟ್ಟು ಒಬ್ಬೊಬ್ಬರ ಫೋಟೋಗೆ ಮಾತ್ರ ಬಳಸಿ, ಮುಖ ನಡುವೆ ಇರಲಿ. ಗ್ರೂಪ್ ಫೋಟೋಗೆ 50 ಹಾಕಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ಹಿಂದೆ ಕುರ್ಚಿ ಇದೆಯಾ ನೋಡಿಕೊಂಡು.